ಆಷಾಢದಲ್ಲಿ ಅಡೇನಿಯಂ ಜೋಪಾನ

ಧಾರವಾಡದ ನರ್ಸರಿಗಳಲ್ಲಿ ಜನವರಿಯಿಂದ ಮೇ ತಿಂಗಳವರೆಗೆ ಅಡೇನಿಯಂ ಗಿಡಗಳು ಬಹಳ ಖರ್ಚಾಗುತ್ತವೆ. ಗಡ್ಡೆಯಂತೆ ಉಬ್ಬಿದ ಬುಡ, ಅದರ ಮೇಲೆ ನಾಲ್ಕಾರು ಗಿಡ್ಡ ಕೊಂಬೆಗಳು, ತುದಿಯಲ್ಲಿ ಗುಲಾಬಿ ಬಣ್ಣದ ಐದೆಸಳಿನ ಹೂಗೊಂಚಲು ಇರುವ ಈ ಪುಟ್ಟ ಪೊದೆಯನ್ನು ನೋಡಿದವರು ಕೊಳ್ಳದೆ ಮುಂದೆ ಹೋಗುವುದು ಕಷ್ಟ. ಆದರೆ ಹೀಗೆ ಮನೆಗೆ ಬಂದ ಗಿಡಗಳಲ್ಲಿ ಎಷ್ಟೋ ಗಿಡಗಳು ದಸರೆಯವರೆಗೂ ಉಳಿಯುವುದಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ಕಳೆದ ಶ್ರಾವಣದಲ್ಲಿ ಖಾಲಿ ಕುಂಡವನ್ನು ತೋರಿಸಿ, "ಮರುಭೂಮಿ ಗಿಡಾ ಅಂತ ನೀರ ಹಾಕಲಿಲ್ರೀ, ಆದ್ರೂ ಕೊಳತು ನೋಡ್ರಿ" ಎಂದರು. ಅವರು ನೀರು ಹಾಕಿರಲಿಲ್ಲ ಎಂಬುದು ನಿಜ. ಹಾಕಿದ್ದು ಪುನರ್ವಸು ಮತ್ತು ಪುಷ್ಯ ಮಳೆಗಳು. ಏಪ್ರಿಲ್‌ನ ಉರಿಬಿಸಿಲಿನಲ್ಲಿ ಗಿಡವನ್ನು ಬಾಯಾರಿಸಿ, ಜುಲೈನ ಜಿಟಿಜಿಟಿ ಮಳೆಯಲ್ಲಿ ತಾರಸಿಯ ಮೇಲೆಯೇ ಬಿಟ್ಟಿದ್ದರು. ಈ ಗಿಡಕ್ಕೆ ಬೇಕಾದದ್ದು ಸರಿಯಾಗಿ ಇದರ ತಿರುವುಮುರುವು.

ಅದು ಏಕೆಂದು ತಿಳಿಯಲು ಅಡೇನಿಯಂ ತಾನಾಗಿ ಬೆಳೆಯುವ ಸೀಮೆಯನ್ನು ನೋಡಬೇಕು. ಅಡೇನಿಯಂ ಒಬೆಸಂ ಎಂಬ ಪ್ರಭೇದ ಸೆನೆಗಲ್‌ನಿಂದ ಸುಡಾನ್‌ವರೆಗೆ ಸಹಾರಾದ ದಕ್ಷಿಣದ ಅಂಚಿನಲ್ಲಿ ಹಬ್ಬಿರುವ ಸಾಹೆಲ್ ಪಟ್ಟಿಯಲ್ಲಿಯೂ, ಇಥಿಯೋಪಿಯಾ, ಸೊಮಾಲಿಯಾ, ಕೀನ್ಯಾ, ಟಾಂಜಾನಿಯಾಗಳಲ್ಲಿಯೂ, ಕೆಂಪು ಸಮುದ್ರದ ಆಚೆ ಯೆಮೆನ್, ಒಮಾನ್ ಮತ್ತು ನೈಋತ್ಯ ಸೌದಿ ಅರೇಬಿಯಾಗಳಲ್ಲಿಯೂ ಬೆಳೆಯುತ್ತದೆ. ಇದು ಮರಳ ದಿಬ್ಬಗಳ ಗಿಡವಲ್ಲ. ಬಂಡೆಗಳ ಸಂದಿಯಲ್ಲಿ, ಜಲ್ಲಿಕಲ್ಲಿನ ಇಳಿಜಾರಿನಲ್ಲಿ, ಬಿದ್ದ ನೀರು ಕ್ಷಣಮಾತ್ರವೂ ನಿಲ್ಲದ ಕಡೆಗಳಲ್ಲಿ ಇದು ಬೇರೂರುತ್ತದೆ. ಸಾಹೆಲ್‌ನ ಬಹುಭಾಗದಲ್ಲಿ ವರ್ಷಕ್ಕೆ 200ರಿಂದ 600 ಮಿ.ಮೀ. ಮಳೆಯಾಗುತ್ತದೆ, ಅಷ್ಟೂ ಮಳೆ ಮೂರು-ನಾಲ್ಕು ತಿಂಗಳಲ್ಲಿ, ಸೆಖೆ ಇರುವಾಗಲೇ, ಬಿರುಸಾಗಿ ಸುರಿದು ಹೋಗುತ್ತದೆ. ಆ ತಿಂಗಳುಗಳಲ್ಲಿ ಗಿಡ ಎಲೆ ತಳೆದು, ನೀರನ್ನು ಆತುರದಿಂದ ಹೀರಿ ಬುಡದಲ್ಲಿ ತುಂಬಿಕೊಳ್ಳುತ್ತದೆ. ಉಳಿದ ತಿಂಗಳುಗಳನ್ನು ಎಲೆ ಉದುರಿಸಿ ಅದೇ ದಾಸ್ತಾನಿನ ಮೇಲೆ ಕಳೆಯುತ್ತದೆ. ಅಂದರೆ ಅಡೇನಿಯಂಗೆ ಮಳೆಯ ಪರಿಚಯವಿಲ್ಲವೆಂದಲ್ಲ. ಸೂರ್ಯನಿಲ್ಲದ, ತಂಪಾದ, ವಾರಗಟ್ಟಲೆ ಬಿಡದೆ ಬೇರನ್ನು ಒದ್ದೆಯಾಗಿಡುವ ಮಳೆಯ ಪರಿಚಯ ಅದಕ್ಕಿಲ್ಲ, ಮತ್ತು ಧಾರವಾಡದ ಆಷಾಢವೆಂದರೆ ನಿಖರವಾಗಿ ಅದೇ.

ಒಮಾನಿನ ದೋಫಾರ್ ಬೆಟ್ಟಗಳಲ್ಲಿ ಒಂದು ಕುತೂಹಲದ ಸಂಗತಿ ಇದೆ. ಅಲ್ಲಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ತಲುಪಿ, ಸಲಾಲಾದ ಬೆಟ್ಟಗಳು ಮಂಜು ಮತ್ತು ತುಂತುರು ಮಳೆಯಲ್ಲಿ ಹಸಿರಾಗುತ್ತವೆ. ಮಸ್ಕತ್ತಿನಲ್ಲಿರುವ ಕನ್ನಡಿಗರು 'ಖರೀಫ್' ನೋಡಲು ಅಲ್ಲಿಗೆ ಹೋಗುವುದು ಇದೇ ಕಾಲದಲ್ಲಿ. ಆ ಬೆಟ್ಟಸಾಲಿನಲ್ಲಿಯೂ ಅಡೇನಿಯಂ ಇದೆ, ಮಳೆಗೆ ಮುಂಚಿನ ಒಣ ತಿಂಗಳುಗಳಲ್ಲಿ ಹೂ ಬಿಡುತ್ತದೆ. ನಮ್ಮ ಮಳೆಯನ್ನು ತರುವ ಗಾಳಿಯೇ ಅಲ್ಲಿಯೂ ಬೀಸುವುದಾದರೂ ಅಲ್ಲಿ ಗಿಡ ನಿಂತಿರುವುದು ಕಲ್ಲಿನ ಸಂದಿಯಲ್ಲಿ, ನಮ್ಮಲ್ಲಿ ತಳದ ತೂತು ಮುಚ್ಚಿಹೋದ ಪ್ಲಾಸ್ಟಿಕ್ ಕುಂಡದಲ್ಲಿ.

ಈ ಗಿಡವನ್ನು ಯುರೋಪಿನ ಸಸ್ಯಶಾಸ್ತ್ರಕ್ಕೆ ಪರಿಚಯಿಸಿದವನು ಡೆನ್ಮಾರ್ಕ್ ದೊರೆಯ ಅರೇಬಿಯಾ ಯಾತ್ರೆಯಲ್ಲಿದ್ದ ಪೀಟರ್ ಫೋರ್ಸ್ಕಾಲ್. ಅವನು 1763ರಲ್ಲಿ ಯೆಮೆನ್‌ನಲ್ಲಿಯೇ ತೀರಿಕೊಂಡ. ತಂಡದಲ್ಲಿ ಜೀವಂತವಾಗಿ ಮರಳಿದ ಏಕೈಕ ಸದಸ್ಯ ಕಾರ್ಸ್ಟನ್ ನೀಬುರ್ ಅವನ ಟಿಪ್ಪಣಿಗಳನ್ನು 1775ರಲ್ಲಿ ಪ್ರಕಟಿಸಿದ. ಫೋರ್ಸ್ಕಾಲ್ ಇದನ್ನು ಕಣಗಿಲೆಯ ಕುಲಕ್ಕೆ ಸೇರಿಸಿ ನೀರಿಯಂ ಒಬೆಸಂ ಎಂದು ಕರೆದಿದ್ದ. 1819ರಲ್ಲಿ ಇದಕ್ಕೆ ಅಡೇನಿಯಂ ಎಂಬ ಬೇರೆಯೇ ಕುಲ ಏರ್ಪಟ್ಟಿತು. ಕುಲ ಬೇರೆಯಾದರೂ ಕುಟುಂಬ ಒಂದೇ. ಕಣಗಿಲೆ, ದೇವಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ ಎಲ್ಲವೂ ಇದರ ದಾಯಾದಿಗಳು, ಮತ್ತು ಈ ದಾಯಾದಿತನದ ಪರಿಣಾಮಗಳು ಮುಂದೆ ಹುಳುವಿನ ವಿಷಯ ಬಂದಾಗಲೂ ವಿಷದ ವಿಷಯ ಬಂದಾಗಲೂ ಎದುರಾಗುತ್ತವೆ. ಆಫ್ರಿಕಾದ ದಕ್ಷಿಣದಲ್ಲಿ ಇನ್ನೂ ಕೆಲವು ಪ್ರಭೇದಗಳಿವೆ. ಕ್ರೂಗರ್ ಅಭಯಾರಣ್ಯದ ಅಡೇನಿಯಂ ಮಲ್ಟಿಫ್ಲೋರಂ ಅಲ್ಲಿನ ಚಳಿಗಾಲದಲ್ಲಿ, ಒಂದು ಎಲೆಯೂ ಇಲ್ಲದಾಗ, ಕೆಂಪು ಅಂಚಿನ ಬಿಳಿ ಹೂಗಳನ್ನು ಮೈತುಂಬ ಬಿಡುತ್ತದೆ. ಯೆಮೆನ್‌ಗೆ ಸೇರಿದ ಸೊಕೋತ್ರಾ ದ್ವೀಪದಲ್ಲಿರುವ ಬಗೆಯಂತೂ ಪೊದೆಯ ಅಳತೆಯನ್ನು ಮೀರಿ, ಆನೆಗಾತ್ರದ ಬುಡವುಳ್ಳ ಮರವೇ ಆಗಿಬಿಡುತ್ತದೆ. ನಮ್ಮ ನರ್ಸರಿಗಳಿಗೆ ಬರುವುದು ಬಹುತೇಕ ಒಬೆಸಂ ಮತ್ತು ಅದರ ಮಿಶ್ರತಳಿಗಳು. ಎರಡು-ಮೂರು ಸುತ್ತಿನ ಎಸಳುಗಳುಳ್ಳ, ಕಪ್ಪುಗೆಂಪು ಅಥವಾ ಹಳದಿ ಬಣ್ಣದ ಬೆಡಗಿನ ತಳಿಗಳನ್ನು ಥಾಯ್ಲೆಂಡ್ ಮತ್ತು ತೈವಾನಿನ ಬೆಳೆಗಾರರು ರೂಪಿಸಿದ್ದಾರೆ. ನನಗೆ ಮಾತ್ರ ಹಳೆಯ ಗುಲಾಬಿ ಬಣ್ಣದ, ನಡುವೆ ಬಿಳಿಯಾಗುವ ಒಂದೇ ಸುತ್ತಿನ ಹೂವೇ ಇಷ್ಟ. ಎಸಳು ಹೆಚ್ಚಾದಷ್ಟೂ ಹೂವು ಮಳೆನೀರು ಹಿಡಿದುಕೊಂಡು ಬೇಗ ಕೊಳೆಯುತ್ತದೆ ಎಂಬುದು ನನ್ನ ಈ ಪಕ್ಷಪಾತಕ್ಕೆ ಸಿಕ್ಕಿರುವ ಒಂದು ನೆಪ.

ಬೆಳೆಸುವ ಕೆಲಸದಲ್ಲಿ ಮುಕ್ಕಾಲು ಪಾಲು ಮಣ್ಣಿನದು. ಧಾರವಾಡದ ಪೂರ್ವಕ್ಕೆ ಹೊಲಗಳಲ್ಲೆಲ್ಲ ಸಿಗುವ ಎರೆಮಣ್ಣು ಈ ಕುಂಡಕ್ಕೆ ಬೇಡವೇ ಬೇಡ. ಜೋಳಕ್ಕೆ ಕಡಲೆಗೆ ಅದು ಎಷ್ಟೇ ಒಳ್ಳೆಯದಾದರೂ ಅದರ ಒದ್ದೆತನ ವಾರವಾದರೂ ಆರುವುದಿಲ್ಲ. ನಾನು ಅರ್ಧದಷ್ಟು ಜರಡಿ ಹಿಡಿದ ದಪ್ಪ ಮರಳು ಮತ್ತು ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು, ಕಾಲು ಭಾಗ ಕೆಮ್ಮಣ್ಣು, ಉಳಿದ ಕಾಲು ಭಾಗದಲ್ಲಿ ಚೆನ್ನಾಗಿ ಕಳಿತ ಎರೆಹುಳು ಗೊಬ್ಬರ ಮತ್ತು ಸ್ವಲ್ಪ ತೆಂಗಿನ ನಾರಿನ ಪುಡಿ ಸೇರಿಸುತ್ತೇನೆ. ಒಂದು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಮೂಳೆಪುಡಿ, ಸಿಕ್ಕರೆ ಇದ್ದಿಲ ಚೂರು. ಮರಳು ಮತ್ತು ಇಟ್ಟಿಗೆ ಚೂರನ್ನು ತೊಳೆದು ಧೂಳು ತೆಗೆಯುವುದನ್ನು ಮಾತ್ರ ತಪ್ಪಿಸಬಾರದು, ಏಕೆಂದರೆ ಆ ಧೂಳು ತಳಕ್ಕಿಳಿದು ತೂತಿನ ಬಳಿ ಕೆಸರಾಗಿ ಕೂಡುತ್ತದೆ. ಮಿಶ್ರಣ ಸರಿಯಿದೆಯೋ ಇಲ್ಲವೋ ಎಂದು ನೋಡಲು ಕುಂಡ ತುಂಬಿ ಮೇಲಿನಿಂದ ಒಂದು ಚೊಂಬು ನೀರು ಸುರಿದರೆ ಸಾಕು: ನೀರು ಮೇಲೆ ನಿಲ್ಲದೆ ಕೂಡಲೇ ಇಳಿದು, ತಳದಿಂದ ಹರಿದು ಬರಬೇಕು. ಮೇಲೆ ಕೆರೆಯಾಗಿ ನಿಂತರೆ ಇನ್ನಷ್ಟು ಮರಳು ಬೇಕೆಂದು ಅರ್ಥ.

ಕುಂಡ ಆಳಕ್ಕಿಂತ ಅಗಲವಾಗಿರಲಿ, ಮಣ್ಣಿನದಾದರೆ ಇನ್ನೂ ಒಳ್ಳೆಯದು. ಮಣ್ಣಿನ ಕುಂಡದ ಮೈಯಿಂದಲೂ ತೇವ ಆರುತ್ತದೆ. ಗಿಡಕ್ಕಿಂತ ತೀರ ದೊಡ್ಡ ಕುಂಡವನ್ನು ಆರಿಸಬಾರದು, ಬೇರು ತಲುಪದ ಕಡೆಯ ಮಣ್ಣು ಹಸಿಯಾಗಿಯೇ ಉಳಿಯುತ್ತದೆ.

ನೀರಿನ ವಿಷಯಕ್ಕೆ ಒಂದೇ ಸೂತ್ರ ಹೇಳಲು ಬರುವುದಿಲ್ಲ, ತಿಂಗಳು ನೋಡಿ ಹೇಳಬೇಕು. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಕೊಂಬೆಗಳ ತುದಿಯಲ್ಲಿ ಹೊಸ ಚಿಗುರು ಕಾಣುತ್ತದೆ; ಅಲ್ಲಿಂದ ನೀರನ್ನು ಮೆಲ್ಲನೆ ಹೆಚ್ಚಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಎಲೆ ತುಂಬಿದ ಗಿಡ ದಿನಬಿಟ್ಟು ದಿನ, ಸಣ್ಣ ಕುಂಡವಾದರೆ ದಿನವೂ, ಬೆಳಗಿನ ಹೊತ್ತು ತಳದಿಂದ ಹರಿಯುವಷ್ಟು ನೀರು ಕುಡಿಯುತ್ತದೆ. ಮರುಭೂಮಿಯ ಗಿಡವೆಂದು ಈ ತಿಂಗಳುಗಳಲ್ಲಿ ನೀರು ತಪ್ಪಿಸಿದರೆ ಅದು ಸಾಯುವುದಿಲ್ಲ. ಆದರೆ ಎಲೆ ಉದುರಿಸಿ, ಬುಡ ಸೊರಗಿ, ಬೆಳೆಯಬೇಕಾದ ಕಾಲದಲ್ಲಿ ಬೆಳೆಯದೆ ಕೂರುತ್ತದೆ. ರೋಹಿಣಿ, ಮೃಗಶಿರಾ ಮಳೆಗಳು ಗುಡುಗಿ ಸುರಿದು ಮರುದಿನ ಬಿಸಿಲು ಬಿಡುವುದರಿಂದ ಅವುಗಳಿಂದ ಕೇಡಿಲ್ಲ. ನಾನು ಆ ಮಳೆಯಲ್ಲಿ ಗಿಡಗಳನ್ನು ಬೇಕೆಂದೇ ನೆನೆಯಲು ಬಿಡುತ್ತೇನೆ, ಎಲೆಯ ಮೇಲಿನ ಧೂಳೂ ನುಸಿಯೂ ತೊಳೆದುಹೋಗುತ್ತವೆ. ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಕುಂಡಗಳು ಮಳೆ ತಾಗದ, ಆದರೆ ಬೆಳಕು ಮತ್ತು ಗಾಳಿ ಧಾರಾಳವಾಗಿರುವ ಕಡೆಗೆ ಹೋಗಬೇಕು. ಪಾರದರ್ಶಕ ಶೀಟಿನ ಇಳಿಮಾಡು ಉತ್ತಮ; ಇಲ್ಲವಾದರೆ ಮಳೆಯ ಎರಚಲು ತಾಗದ ಬಾಲ್ಕನಿಯಾದರೂ ಆದೀತು. ಅಲ್ಲಿಂದ ಮಘಾ ಮಳೆ ಮುಗಿಯುವವರೆಗೆ ನೀರು ವಾರಕ್ಕೊಮ್ಮೆಯೋ ಇನ್ನೂ ಅಪರೂಪಕ್ಕೋ ಸಾಕು, ಅದೂ ಎರಡು ಬೆರಳಿನ ಆಳದವರೆಗೆ ಮಣ್ಣು ಪೂರ್ತಿ ಒಣಗಿದ್ದರೆ. ಸೆಪ್ಟೆಂಬರ್ ಕೊನೆಗೆ ಬಿಸಿಲು ಮರಳಿದಾಗ ಗಿಡಗಳೂ ತಾರಸಿಗೆ ಮರಳಿ, ದೀಪಾವಳಿಯ ಹೊತ್ತಿಗೆ ಇನ್ನೊಂದು ಸುತ್ತು ಹೂ ಬಿಡುತ್ತವೆ. ಡಿಸೆಂಬರ್‌ನಲ್ಲಿ ಎಲೆ ಹಳದಿಯಾಗಿ ಉದುರತೊಡಗಿದರೆ ಗಾಬರಿಯಾಗಿ ನೀರು, ಗೊಬ್ಬರ ಸುರಿಯಬಾರದು. ಅದು ಗಿಡದ ವಿಶ್ರಾಂತಿಯ ಕಾಲ. ಎಲೆಯಿಲ್ಲದ ಗಿಡ ನೀರು ಕುಡಿಯುವುದಿಲ್ಲ.

ಕಲಬುರಗಿ, ರಾಯಚೂರು, ಬಳ್ಳಾರಿಯವರಿಗೆ ಈ ಇಳಿಮಾಡಿನ ಉಪಚಾರ ಅಷ್ಟಾಗಿ ಬೇಕಿಲ್ಲ, ಸರಿಯಾದ ಮಣ್ಣಿದ್ದರೆ ಗಿಡ ವರ್ಷವಿಡೀ ಬಯಲಲ್ಲೇ ಇರಬಲ್ಲದು. ಆದರೆ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಮಂಗಳೂರು, ಉಡುಪಿಯ ಕಡೆ ಜೂನ್ ಮೊದಲ ವಾರದಿಂದಲೇ ಮಾಡು ಬೇಕೇ ಬೇಕು. ಮಡಿಕೇರಿ, ಆಗುಂಬೆಯ ಸ್ನೇಹಿತರಿಗೆ ನಾನು ಈ ಗಿಡವನ್ನು ಉಡುಗೊರೆಯಾಗಿಯೂ ಕೊಡುವುದಿಲ್ಲ. ಅಲ್ಲಿ ಬೆಳೆಯುವ ಸಾವಿರ ಚೆಲುವಾದ ಗಿಡಗಳಿರುವಾಗ ಇದನ್ನು ಹಿಂಸಿಸುವುದೇಕೆ?

ಇನ್ನು ಮೆತ್ತಗಾದ ಬುಡದ ಮಾತು. ಅಡೇನಿಯಂ ಬೆಳೆಸುವವರು ಕಲಿಯಲೇಬೇಕಾದ ಪರೀಕ್ಷೆಯೆಂದರೆ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು. ಆರೋಗ್ಯವಂತ ಬುಡ ಗಟ್ಟಿಯಾಗಿರುತ್ತದೆ. ಬುಡವೆಲ್ಲ ಒಂದೇ ಸಮನೆ ಸ್ವಲ್ಪ ಸಡಿಲವಾಗಿ, ತೊಗಲು ಸುಕ್ಕುಗಟ್ಟಿ, ಮಣ್ಣು ಒಣಗಿದ್ದರೆ ಅದು ಬಾಯಾರಿಕೆ. ಎರಡು-ಮೂರು ಸಲ ನೀರು ಕುಡಿಸಿದರೆ ಕೆಲವೇ ದಿನಗಳಲ್ಲಿ ಮತ್ತೆ ಬಿಗಿಯಾಗುತ್ತದೆ. ಆದರೆ ಒಂದು ಕಡೆ ಮಾತ್ರ ಬೆರಳು ಒಳಗಿಳಿಯುವಷ್ಟು ಮೆತ್ತಗಾಗಿ, ಅಲ್ಲಿ ತೊಗಲಿನ ಬಣ್ಣ ಕಂದಿ, ಮಣ್ಣು ಹಸಿಯಾಗಿದ್ದು, ಎಲೆ ಹಳದಿಯಾಗಿದ್ದರೆ ಅದು ಕೊಳೆ. ಬಹಳ ಜನ ಎರಡನ್ನೂ ಒಂದೇ ಎಂದು ತಿಳಿದು ಕೊಳೆತ ಗಿಡಕ್ಕೆ ಇನ್ನಷ್ಟು ನೀರು ಹಾಕುತ್ತಾರೆ. ಕೊಳೆಯಾದರೆ ಗಿಡವನ್ನು ಅದೇ ದಿನ ಕುಂಡದಿಂದ ಕಿತ್ತು, ಬೇರನ್ನು ತೊಳೆದು, ಹರಿತವಾದ ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ ಕೊಳೆತ ಭಾಗವನ್ನು ಹೆರೆಯಬೇಕು. ಕಂದು ಬಣ್ಣದ ಲೋಳೆ ಹೋಗಿ, ಅದರಡಿಯ ಹಳದಿ ಮಿಶ್ರಿತ ಭಾಗವೂ ಹೋಗಿ, ಹಸಿ ಆಲೂಗಡ್ಡೆಯಷ್ಟು ಬೆಳ್ಳಗಿನ ಗಟ್ಟಿ ತಿರುಳು ಕಂಡು ಅದರಿಂದ ಸೊನೆ ಒಸರುವವರೆಗೆ ಹೆರೆಯುತ್ತಲೇ ಹೋಗಬೇಕು. ಒಂದು ಚುಕ್ಕೆಯಷ್ಟು ಕಂದು ಉಳಿದರೂ ಅದು ಮತ್ತೆ ಹಬ್ಬುತ್ತದೆ, ಪ್ರತಿ ಸೀಳಿಗೂ ಚಾಕು ಒರೆಸಿಕೊಳ್ಳಬೇಕು. ಗಾಯಕ್ಕೆ ತಾಮ್ರದ ಆಕ್ಸಿಕ್ಲೋರೈಡ್ ಪುಡಿಯನ್ನು ಸವರಿ, ಗಿಡವನ್ನು ನೆರಳಿನಲ್ಲಿ ಗಾಳಿಯಾಡುವ ಕಡೆ ತೂಗುಹಾಕಿ, ಗಾಯ ಒಣಗಿ ಹಕ್ಕಳೆ ಕಟ್ಟಿದ ಮೇಲೆ, ಅಂದರೆ ಒಂದೆರಡು ವಾರಗಳ ನಂತರ, ಒಣ ಮಿಶ್ರಣದಲ್ಲಿ ನೆಡಬೇಕು. ಮಣ್ಣಿಲ್ಲದೆ ಎರಡು ವಾರ ತೂಗಾಡಿದರೆ ಗಿಡ ಸತ್ತೀತು ಎಂಬ ಭಯ ಬೇಡ. ತಿಂಗಳುಗಟ್ಟಲೆ ಮಳೆಯಿಲ್ಲದೆ ಬದುಕಲೆಂದೇ ಆ ಬುಡ ಇರುವುದು.

ಹೂವಿಗೆ ಮುಖ್ಯವಾಗಿ ಬೇಕಾದದ್ದು ದಿನಕ್ಕೆ ಆರು ಗಂಟೆಗೂ ಹೆಚ್ಚಿನ ನೇರ ಬಿಸಿಲು. ಮನೆಯೊಳಗೆ ಟಿ.ವಿ. ಪಕ್ಕದಲ್ಲಿಟ್ಟು ಹೂವಿಲ್ಲವೆಂದು ಕೊರಗುವವರಿಗೆ ಯಾವ ಗೊಬ್ಬರವೂ ಸಹಾಯ ಮಾಡಲಾರದು. ಎರಡನೆಯದು ಚಾಟನಿ. ಹೂಗಳು ಹೊಸ ಚಿಗುರಿನ ತುದಿಯಲ್ಲಿ ಬರುವುದರಿಂದ, ಫೆಬ್ರುವರಿ ಕೊನೆಯಲ್ಲಿ ಉದ್ದ ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿದರೆ ಒಂದೊಂದರಿಂದ ಎರಡು-ಮೂರು ಹೊಸ ಟಿಸಿಲುಗಳು ಒಡೆದು ಸುಮಾರು ಎರಡು ತಿಂಗಳಲ್ಲಿ ಮೊಗ್ಗು ಕಾಣುತ್ತದೆ. ಮೋಡ ಮುಸುಕಿದ ದಿನ ಮಾತ್ರ ಕತ್ತರಿ ಮುಟ್ಟಬಾರದು, ಗಾಯ ಒಣಗಲು ಬಿಸಿಲು ಬೇಕು. ಗೊಬ್ಬರದಲ್ಲಿ ಸಾರಜನಕ ಹೆಚ್ಚಾದರೆ ಕೊಂಬೆಗಳು ಉದ್ದುದ್ದ ಸೊಪ್ಪಾಗಿ ಬೆಳೆದು ಜೋಲುತ್ತವೆ, ಹೂ ಕಡಿಮೆಯಾಗುತ್ತದೆ. ಆದ್ದರಿಂದ ಯೂರಿಯಾ ಹತ್ತಿರ ಸುಳಿಯದಿರಲಿ. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ, ಜೊತೆಗೆ ಪೊಟ್ಯಾಷ್ ಅಂಶ ಹೆಚ್ಚಿರುವ ಯಾವುದಾದರೂ ತೆಳು ದ್ರವಗೊಬ್ಬರ ಸಾಕು.

ಹೂವಿಗಿಂತಲೂ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿರುವುದು ಬೀಜ. ನಮ್ಮಲ್ಲಿ ಅಡೇನಿಯಂ ತಾನಾಗಿ ಕಾಯಿ ಕಟ್ಟುವುದು ಅಪರೂಪ, ಮತ್ತು ಒಂದು ಹೂವನ್ನು ಉದ್ದಕ್ಕೆ ಸೀಳಿ ನೋಡಿದರೆ ಏಕೆಂದು ತಿಳಿಯುತ್ತದೆ. ಕೊಳವೆಯ ತಳದಲ್ಲಿ ಐದು ಪರಾಗಕೋಶಗಳು ಒಂದಕ್ಕೊಂದು ಅಂಟಿಕೊಂಡು ಮೊನಚಾದ ಪುಟ್ಟ ಗೋಪುರವಾಗಿವೆ. ಪ್ರತಿಯೊಂದರ ತುದಿಯಿಂದಲೂ ರೋಮಭರಿತ ಬಾಲವೊಂದು ಮೇಲಕ್ಕೆ ಚಾಚಿದೆ. ಪರಾಗ ಆ ಗೋಪುರದ ಒಳಗೇ ಉಳಿದಿರುತ್ತದೆ, ಪರಾಗ ತಲುಪಬೇಕಾದ ಹೆಣ್ಣುಭಾಗದ ತುದಿಯಾದ ಶಲಾಕಾಗ್ರ ಅದರಡಿಯಲ್ಲಿ ಅವಿತಿರುತ್ತದೆ. ಬಿಡಿಸಿದ ಹೂವಿನ ಗೋಪುರದ ಒಳಗಿನಿಂದ ಸೂಜಿಯ ಮೊನೆಯಲ್ಲಿ ಹಳದಿ ಮಿಶ್ರಿತ ಬಿಳಿ ಪರಾಗವನ್ನು ಎತ್ತಿಕೊಂಡು, ಬೇರೊಂದು ಗಿಡದ ಹೂವಿನಲ್ಲಿ ಎರಡು ಪರಾಗಕೋಶಗಳ ನಡುವೆ ಬುಡದಲ್ಲಿರುವ ಕಿರಿದಾದ ಸೀಳಿನೊಳಗೆ ಅದನ್ನು ತೂರಿಸಬೇಕು. ಬೆಳಗಿನ ಬೆಳಕು, ಭೂತಗನ್ನಡಿ, ನಡುಗದ ಕೈ, ಮೂರೂ ಬೇಕಾಗುವ ಕೆಲಸವಿದು. ಫಲಿಸಿದರೆ ಕೆಲವು ವಾರಗಳಲ್ಲಿ ಹೂ ಉದುರಿದ ಕಡೆ ಎತ್ತಿನ ಕೊಂಬುಗಳಂತೆ ಎರಡು ಕಾಯಿಗಳು ಕವಲೊಡೆದು ಬೆಳೆಯುತ್ತವೆ. ಬಲಿಯಲು ಎರಡು-ಮೂರು ತಿಂಗಳು ಬೇಕು. ಬಣ್ಣ ತಿರುಗಿದ ಕೂಡಲೇ ಕಾಯಿಗೆ ದಾರ ಸುತ್ತಿಡಬೇಕು. ತಡಮಾಡಿದರೆ ಕಾಯಿ ಒಂದು ಮಧ್ಯಾಹ್ನ ಸೀಳಿ, ಎರಡೂ ತುದಿಗಳಲ್ಲಿ ರೇಷ್ಮೆಯ ಕುಚ್ಚುಳ್ಳ ಹತ್ತಾರು ಬೀಜಗಳು ಗಾಳಿಪಾಲಾಗುತ್ತವೆ. ಕುಚ್ಚನ್ನು ಚಿವುಟಿ, ಬೀಜವನ್ನು ಅಡ್ಡಲಾಗಿ ಮಲಗಿಸಿ, ಮೇಲೆ ತೆಳುವಾಗಿ ಮರಳು ಉದುರಿಸಿದರೆ ಬೇಸಿಗೆಯಲ್ಲಿ ವಾರದೊಳಗೆ ಮೊಳಕೆ ಬರುತ್ತದೆ. ಬೀಜ ಹಳತಾದಷ್ಟೂ ಮೊಳೆಯುವ ಶಕ್ತಿ ಕುಂದುವುದರಿಂದ ಆ ಬೇಸಿಗೆಯಲ್ಲಿಯೇ ಬಿತ್ತುವುದು ಒಳ್ಳೆಯದು. ಚೆನ್ನಾಗಿ ಬಿಸಿಲು ಸಿಕ್ಕರೆ ಒಂದೆರಡು ವರ್ಷಗಳಲ್ಲಿ ಸಸಿ ಹೂ ಬಿಡುತ್ತದೆ, ಆ ಹೂವಿನ ಬಣ್ಣ ಏನೆಂದು ಅಲ್ಲಿಯವರೆಗೆ ಯಾರೂ ಹೇಳಲಾರರು.

ಬಣ್ಣ ಖಚಿತವಾಗಿ ಬೇಕಾದವರು ಕಸಿ ಗಿಡ ಕೊಳ್ಳಬೇಕು. ಬೀಜದ ಗಿಡದ ಬುಡದ ಮೇಲೆ ಬೇಕಾದ ತಳಿಯ ಕೊಂಬೆಯನ್ನು ಕೂರಿಸಿ, ಟೇಪಿನಿಂದ ಬಿಗಿದು, ತೇವ ಆರದಂತೆ ಪ್ಲಾಸ್ಟಿಕ್ ಚೀಲ ಮುಚ್ಚಿ ಕಸಿ ಮಾಡುತ್ತಾರೆ. ಕಸಿಯ ಕೆಳಗಿನಿಂದ ಒಡೆಯುವ ಚಿಗುರನ್ನು ಆಗಾಗ ಚಿವುಟದಿದ್ದರೆ ಅದು ಮೇಲಿನ ತಳಿಯನ್ನು ಹಿಂದಿಕ್ಕಿಬಿಡುತ್ತದೆ. ಕಡ್ಡಿ ನೆಟ್ಟೂ ಗಿಡ ಮಾಡಬಹುದು, ಆದರೆ ಬೀಜದ ಗಿಡಕ್ಕಿರುವ ಆ ಉಬ್ಬಿದ ಬುಡ ಅದಕ್ಕೆ ಸುಲಭವಾಗಿ ಬರುವುದಿಲ್ಲ. ಬುಡದ ಚೆಲುವು ಹೆಚ್ಚಬೇಕೆಂದರೆ ಎರಡು ವರ್ಷಕ್ಕೊಮ್ಮೆ ಕುಂಡ ಬದಲಿಸುವಾಗ ಗಿಡವನ್ನು ಒಂದಂಗುಲದಷ್ಟು ಮೇಲೆತ್ತಿ ನೆಡಬೇಕು. ಹೀಗೆ ಹೊಸದಾಗಿ ಹೊರಬಂದ ಬೇರುಗಳಿಗೆ ಬಿಸಿಲಿನ ರೂಢಿ ಇರುವುದಿಲ್ಲ. ಮೇ ತಿಂಗಳ ಬಿಸಿಲಿಗೆ ಅವನ್ನು ಥಟ್ಟನೆ ಒಡ್ಡಿದರೆ ಸುಟ್ಟ ಕಲೆಗಳಾಗುತ್ತವೆ, ಆದ್ದರಿಂದ ಕೆಲವು ವಾರ ಅರೆನೆರಳು ಬೇಕು.

ಕೀಟಗಳಲ್ಲಿ ಹಿಟ್ಟು ತಿಗಣೆ ಮತ್ತು ಬೇಸಿಗೆಯ ಕೆಂಪು ನುಸಿ ಪದೇ ಪದೇ ಬರುತ್ತವೆ. ಸಂಜೆಯ ಹೊತ್ತು ಬೇವಿನ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಿದರೆ ಹತೋಟಿಗೆ ಬರುತ್ತವೆ. ನಿಜವಾಗಿ ಬೆರಗು ಹುಟ್ಟಿಸುವ ಅತಿಥಿಯೆಂದರೆ ಕಣಗಿಲೆ ಪತಂಗದ ಮರಿಹುಳು. ಒಂದು ಬೆಳಗ್ಗೆ ಕೊಂಬೆಗಳೆಲ್ಲ ಬೋಳಾಗಿ, ಕುಂಡದ ಸುತ್ತ ಮೆಣಸಿನ ಕಾಳಿನ ಗಾತ್ರದ ಕರಿಯ ಹಿಕ್ಕೆಗಳು ಬಿದ್ದಿದ್ದರೆ ಅದು ಬಂದಿದೆಯೆಂದೇ ಅರ್ಥ. ಹಿಕ್ಕೆ ಬಿದ್ದ ಜಾಗದ ನೇರ ಮೇಲೆ ಹುಡುಕಬೇಕು: ಬೆರಳುದ್ದದ ಎಲೆಹಸಿರು ಹುಳು, ಹಿಂದೆ ಒಂದು ಗಿಡ್ಡ ಕೊಂಬು, ಮುಂಭಾಗದಲ್ಲಿ ನೀಲಿ-ಬಿಳಿಯ ಎರಡು ದೊಡ್ಡ ಹುಸಿಗಣ್ಣುಗಳು. ಮುಟ್ಟಿದರೆ ತಲೆಯನ್ನು ಒಳಗೆಳೆದುಕೊಂಡು ಆ ಕಣ್ಣುಗಳನ್ನು ಉಬ್ಬಿಸಿ ಹೆದರಿಸಲು ನೋಡುತ್ತದೆ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪಗಳೂ ಇದರ ಆಹಾರವೇ. ನಾನು ಇದನ್ನು ಕೊಲ್ಲದೆ ಕಾಂಪೌಂಡಿನ ನಂದಿಬಟ್ಟಲಿಗೆ ದಾಟಿಸುತ್ತೇನೆ. ಆ ದೊಡ್ಡ ಗಿಡಕ್ಕೆ ಒಂದಿಷ್ಟು ಎಲೆ ಹೋದರೆ ನಷ್ಟವಿಲ್ಲ, ಮತ್ತು ಹಸಿರು-ಗುಲಾಬಿ ಬಣ್ಣದ ಆ ಪತಂಗವನ್ನು ಒಮ್ಮೆ ಕಂಡವರಿಗೆ ಹುಳುವಿನ ಮೇಲೆ ಕೈಯೆತ್ತಲು ಮನಸ್ಸಾಗುವುದಿಲ್ಲ.

ಆ ಹುಳುವಿಗೆ ಏನೂ ಆಗದಿದ್ದರೂ ನಮಗೂ ದನಕರುಗಳಿಗೂ ಈ ಗಿಡ ವಿಷ. ಇದರ ಸೊನೆಯಲ್ಲಿ ಕಣಗಿಲೆಯಲ್ಲಿರುವಂತೆಯೇ ಹೃದಯದ ಬಡಿತವನ್ನು ಕೆಡಿಸುವ ಗ್ಲೈಕೋಸೈಡ್‌ಗಳಿವೆ. ಟಾಂಜಾನಿಯಾದ ಹಡ್ಜಾ ಬೇಟೆಗಾರರು ಅಡೇನಿಯಂನಿಂದ ಬಾಣದ ವಿಷ ತಯಾರಿಸುತ್ತಾರೆ. ಕೈತೋಟದಲ್ಲಿ ಅಷ್ಟು ಭಯಪಡಬೇಕಾಗಿಲ್ಲ, ಆದರೆ ಚಾಟನಿ ಮಾಡುವಾಗ ಕೈಗವಸು ಇರಲಿ, ಕಣ್ಣುಜ್ಜಿಕೊಳ್ಳುವ ಮೊದಲು ಕೈ ತೊಳೆಯಿರಿ, ಕತ್ತರಿಸಿದ ಕೊಂಬೆಗಳನ್ನು ಬೀದಿಯ ದನಗಳು ತಿನ್ನುವ ಕಡೆ ಎಸೆಯಬೇಡಿ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಕುಂಡ ಎತ್ತರದಲ್ಲಿರಬೇಕು.

ಕೊಳ್ಳುವವರು ಫೆಬ್ರುವರಿಯಿಂದ ಏಪ್ರಿಲ್ ನಡುವೆ ಕೊಳ್ಳುವುದು ಲೇಸು, ಆಗ ಮಳೆಗೆ ಮುಂಚೆ ಗಿಡ ಹೊಸ ಮಣ್ಣಿನಲ್ಲಿ ಬೇರೂರಲು ಕಾಲಾವಕಾಶ ಸಿಗುತ್ತದೆ. ಹೂವಿಗೆ ಮರುಳಾಗುವ ಮೊದಲು ಬುಡವನ್ನು ಸುತ್ತಲೂ ಒತ್ತಿ ನೋಡಿ, ಕಸಿಯ ಗಂಟು ಕೂಡಿದೆಯೇ ಎಂದು ಪರೀಕ್ಷಿಸಿ, ಎಲೆಯ ಅಡಿ ಮಗುಚಿ ಹಿಟ್ಟು ತಿಗಣೆ ಇದೆಯೇ ಎಂದು ಹುಡುಕಿ. ನರ್ಸರಿಯ ಕುಂಡದಲ್ಲಿ ಬಹಳ ಸಲ ಬರೀ ತೆಂಗಿನ ನಾರಿನ ಪುಡಿಯೇ ಇರುತ್ತದೆ; ಬೇಸಿಗೆಯಲ್ಲಿ ಅದು ತೊಂದರೆ ಕೊಡದಿದ್ದರೂ ಮಳೆಗಾಲದಲ್ಲಿ ಒಮ್ಮೆ ನೆನೆದರೆ ಆರುವುದಿಲ್ಲ. ತಂದ ಗಿಡವನ್ನು ಒಂದು ವಾರ ಹೊಸ ಜಾಗಕ್ಕೆ ಒಗ್ಗಲು ಬಿಟ್ಟು, ಆ ಪುಡಿಯನ್ನು ಬೇರಿನಿಂದ ಪೂರ್ತಿ ಉದುರಿಸಿ, ಮೇಲೆ ಹೇಳಿದ ಮಿಶ್ರಣಕ್ಕೆ ದಾಟಿಸಿ, ನಾಲ್ಕೈದು ದಿನ ಕಳೆದ ಮೇಲೆ ಮೊದಲ ನೀರು ಹಾಕಿ.